ಒಂದೇ ಹೆಬ್ಬೆಟ್ಟು

ಸರೋವರದ ನಟ್ಟನಡುವೆ ದೋಣಿಯ ಮೋಟಾರ್ ನಿಂತಿತು.

ಕೆಟ್ಟಿರಲಿಲ್ಲ. ವಿಸಾಲ್ ಹೇಳಿ ನಿಲ್ಲಿಸಿದ್ದ.

ಔಷಧ ಕಂಪನಿಯ ಮ್ಯಾನೇಜರ್ ಅವನು. ಎದ್ದು ನಿಂತಿದ್ದ. ಒಂದು ಕೈಯಲ್ಲಿ ಮೀನು ಕೊಯ್ಯುವ ಚಾಕು. ಇನ್ನೊಂದು ಕೈ ನನ್ನ ಚೀಲದತ್ತ.

“ಫೈಲ್ ಕೊಡಿ ಅಕ್ಕ. ನಿಮಗೆ ಈಜು ಬರಲ್ವಂತೆ.”

“ಸರಿಯಾಗೇ ಕೇಳಿದೀಯ.”

ನನ್ನ ಕೆಲಸ ಇಷ್ಟೇ. ಮನುಷ್ಯರ ಮೇಲೆ ಔಷಧ ಪ್ರಯೋಗಿಸುವವರು ಅವರನ್ನು ಕೇಳಿ ಮಾಡುತ್ತಿದ್ದಾರೋ ಇಲ್ಲವೋ ನೋಡಿ ಬಾ ಎಂದು ರಾಜಧಾನಿ ನೋಮ್ ಪೆನ್‌ನ ಸಮಿತಿ ಕಳಿಸುತ್ತದೆ. ಕೇಳಿಲ್ಲವಾದರೆ ನಿಲ್ಲಿಸಬೇಕು. ಯಾರೂ ನನ್ನನ್ನು ಊಟಕ್ಕೆ ಕರೆಯುವುದಿಲ್ಲ.

ಎದುರಿಗೆ ಕಾಣುತ್ತಿದ್ದ ತೇಲುವ ಹಳ್ಳಿಯಲ್ಲಿ ಹತ್ತು ಗಂಟೆಗೆ ಎರಡನೇ ಇಂಜೆಕ್ಷನ್. ಮೊದಲನೆಯದಕ್ಕೇ ಮೂವರ ಕಣ್ಣು ಹಳದಿ ತಿರುಗಿತ್ತು. ಒಬ್ಬಳು ಬಸುರಿ.

ಈಗ ಒಂಬತ್ತೂವರೆ...

ಫೈಲಿನಲ್ಲಿ ಅರವತ್ತೆರಡು ಒಪ್ಪಿಗೆ ಪತ್ರ. ಅರವತ್ತೆರಡು ಕೆಂಪು ಹೆಬ್ಬೆಟ್ಟು. ಎಲ್ಲದರ ನಡುವೆಯೂ ಅದೇ ಓರೆ ಗಾಯದ ಗೆರೆ.

ಆ ಗಾಯದ ಹೆಬ್ಬೆರಳು ದೋಣಿಯ ಹಿಂತುದಿಯಲ್ಲಿ ಚುಕ್ಕಾಣಿ ಹಿಡಿದು ಕೂತಿತ್ತು. ಹಳ್ಳಿಯ ಮುಖಂಡ, ಫಾನ್ ತಾತ.

ತಾತ ಮೋಸಗಾರನಲ್ಲ. ಅದೇ ಕಷ್ಟ. ಜನನ ಪತ್ರ, ಅಕ್ಕಿಯ ಪಟ್ಟಿ, ಬಲೆಯ ಪರವಾನಗಿ... ಮೂವತ್ತು ವರ್ಷದಿಂದ ಊರಿನ ಕಾಗದಗಳಿಗೆಲ್ಲ ತನ್ನದೇ ಬೆರಳು ಎಂದು ದಾರಿಯಲ್ಲಿ ಹೆಮ್ಮೆಯಿಂದ ಹೇಳಿದ್ದ. ಈ ಕಟ್ಟನ್ನೂ ಒಂದೇ ಮಧ್ಯಾಹ್ನ ಒತ್ತಿ ಮುಗಿಸಿದನಂತೆ. ಆ ಮಾತು ಕೇಳಿದ್ದೇ ವಿಸಾಲ್ ಮೋಟಾರ್ ನಿಲ್ಲಿಸಲು ಹೇಳಿದ್ದು.

ಚಾಕು ನನ್ನ ಚೀಲದ ಪಟ್ಟಿಯನ್ನು ಕುಯ್ದಿತು. ನಾನು ಚೀಲವನ್ನು ಎದೆಗೆ ಅವುಚಿಕೊಂಡೆ. ವಿಸಾಲ್‌ನತ್ತ ನೋಡಲಿಲ್ಲ.

“ತಾತ, ಊರಿಗೆಲ್ಲ ನೀವೊಬ್ರೇ ಒಪ್ಪಿದ್ರಿ, ಅಲ್ವಾ?”

“ನಾನಲ್ದೆ ಇನ್ಯಾರಮ್ಮ?”

“ಹಾಗಾದ್ರೆ ಇವತ್ತಿನ ಅರವತ್ತೆರಡು ಸೂಜೀನೂ ನೀವೊಬ್ರೇ ಚುಚ್ಚಿಸ್ಕೊಳ್ಳಿ.”

ಮುದುಕನ ತಲೆ ಕೆಡಿಸಬೇಡ ಎಂದು ವಿಸಾಲ್ ಗದರಿದ.

ತಾತ ತನ್ನ ಹೆಬ್ಬೆರಳಿನ ಗಾಯದ ಗೆರೆ ನೋಡಿಕೊಂಡ. ನೀರು ದೋಣಿಯ ಪಕ್ಕೆಗೆ ಬಡಿಯುತ್ತಿತ್ತು. ಚಾಕುವಿಗೆ ಹೆದರದವಳು ಆ ಬೆರಳಿಗೆ ಹೆದರಿದೆ. ಹಳ್ಳಿಯ ಅಷ್ಟೂ ಜನ ಅದರಡಿಯಲ್ಲಿದ್ದರು.

ತಾತ ಮೋಟಾರಿನ ಹಗ್ಗ ಜಗ್ಗಿದ.

ದೋಣಿ ಚಿಮ್ಮಿತು. ನಿಂತಿದ್ದ ವಿಸಾಲ್ ಚಾಕು ಸಮೇತ ನೀರಿಗೆ ಬಿದ್ದ. ಅವನಿಗೆ ಈಜು ಬರುತ್ತಿತ್ತು. ಹಾಗಾಗಿ ನಾವು ಕಾಯಲಿಲ್ಲ.

ಹಳ್ಳಿ ತಲುಪಿದಾಗ ಜನ ಸಾಲುಗಟ್ಟಿ ಕೂತಿದ್ದರು. ನರ್ಸ್ ಸಿರಿಂಜಿಗೆ ಔಷಧ ತುಂಬುತ್ತಿದ್ದಳು. ತಾತ ಅವಳನ್ನು ಸರಿಸಿ, ಸಾಲಿನ ಮೊದಲಿಗಿದ್ದ ಬಸುರಿಯ ಮುಂದೆ ಕುಕ್ಕರಗಾಲಲ್ಲಿ ಕೂತ.

“ಇದು ನಿಂಗೆ ಬೇಕಾ ಮಗಳೇ?”

ಅವಳು ಅವನ ಮುಖವನ್ನೇ ನೋಡಿದಳು.

“ಬೇಡ ತಾತ.”

ಪ್ರಯೋಗ ಇಲ್ಲಿಗೆ ನಿಂತಿತು ಎಂದೆ. ನರ್ಸ್ ಪೆಟ್ಟಿಗೆ ಮುಚ್ಚಿದಳು. ಎರಡು ವರ್ಷದ ಸಂಶೋಧನೆ ಅದು. ಅದರಲ್ಲಿ ಯಾರನ್ನಾದರೂ ಕೇಳಿ ಪಡೆದ ಉತ್ತರ ಈ ‘ಬೇಡ’ ಒಂದೇ.