ಕಿಟಕಿ ಕಡೆಯ ಸಾಲು

"ಮೇಡಂ, ಕಿಟಕಿ ಕಡೆ ಸಾಲನ್ನ ನೀವು ಒಂದ್ಸಲನೂ ನೋಡ್ಲಿಲ್ಲ. ಅಲ್ಲಿರೋ ಮಕ್ಕಳು ಕೈ ಎತ್ತೋದನ್ನೇ ಬಿಟ್ಟಿದ್ದಾರೆ."

ಟೀಚರುಗಳ ಕೋಣೆಯಲ್ಲಿ, ಎಲ್ಲರೆದುರೇ ಅಂದುಬಿಟ್ಟ ಮಹಾಶಯ. ಕ್ಲಾಸಿನ ಹಿಂದೆ ಕೂತು ಪಾಠ ನೋಡಿ ಸಲಹೆ ಕೊಡಲೆಂದು ಹೊಸದಾಗಿ ಬಂದವನು. ಮಕ್ಕಳ ಬಾಯಲ್ಲಿ ಆಗಲೇ 'ಕೊನೇ ಬೆಂಚು ಸಾರ್'.

ಗಣಿತದ ಟೀಚರ್ ಮುಖ ಬಿಳಿಚಿತು. ಎದ್ದು ಹೋದಳು.

ಪಾಪ, ಅವನಿಗೆ ಕಾರಣ ಹೇಳಿದವರಾದರೂ ಯಾರು? ಆ ಸಾಲಿನ ಮೊದಲ ಬೆಂಚಿನ ಹುಡುಗಿ "ಮಿಸ್, ಜ್ವರ" ಎಂದಾಗ, "ಲೆಕ್ಕ ಮುಗಿಸಿ ಹೋಗು" ಎಂದು ಕೂರಿಸಿದ್ದಳು ಇವಳು. ಆ ವಾರವೇ ಮಗು ತೀರಿಕೊಂಡಿತು. ಅದಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದರು ಡಾಕ್ಟರು. ಆದರೆ ಕರುಳು ಕೇಳಬೇಕಲ್ಲ... ಅಂದಿನಿಂದ ಆ ಕಡೆ ಕತ್ತೇ ತಿರುಗದು.

'ಕಲ್ಲು ಮನಸ್ಸಿನವನು. ಇನ್ನು ನಾನು ಆ ಕ್ಲಾಸಿಗೆ ಕಾಲಿಡಲ್ಲ.' ಹೆಡ್‌ಮೇಡಂಗೆ ಹಾಗೇ ಹೇಳಿದಳು.

"ಇನ್ನೊಂದು ವಾರ ಹೇಗಾದ್ರೂ ನಡೆಸಮ್ಮ. ಆಮೇಲೆ ಬೇರೆಯವರನ್ನ ಹಾಕ್ತೀನಿ."

ಸಂಜೆ ಗೇಟಿನ ಬಳಿ ಅವನೇ ಎದುರಾದ.

"ವಿಷಯ ಈಗ ಗೊತ್ತಾಯ್ತು. ಎಲ್ಲರ ಮುಂದೆ ಹೇಳಿದ್ದು ತಪ್ಪು. ನಿಮ್ಮನ್ನ ಕೇಳದೆ ಹೇಳಿದ್ದು ಇನ್ನೂ ದೊಡ್ಡ ತಪ್ಪು."

"ಹಂಗಾದ್ರೆ ಮಾತು ವಾಪಸ್ ತಗೊಳ್ಳಿ."

"ಅದಾಗಲ್ಲ ಮೇಡಂ. ಮಕ್ಕಳು ಕಾಯ್ತಿದ್ದಾರೆ."

ಮೈಯೆಲ್ಲ ಉರಿಯಿತು ಅವಳಿಗೆ. ಆದರೆ 'ಎಲ್ಲ ಸರಿಹೋಗುತ್ತೆ ಬಿಡಿ' ಎಂದು ಜಾರಿಕೊಂಡವರೇ ಇಷ್ಟು ದಿನ ಸುತ್ತ ಇದ್ದದ್ದು. ಇವನೊಬ್ಬ ನಿಜ ಹೇಳಿ ಅಲ್ಲೇ ನಿಂತಿದ್ದ.

"ನಂಗೆ ಆಗಲ್ಲ ಸಾರ್..." ಅಳು ಬಂದೇಬಿಟ್ಟಿತು.

"ಒಂದೇ ಸಲ ಬೇಡ. ನಾನು ಆ ಸಾಲಲ್ಲೇ ಹಿಂದೆ ಕೂತಿರ್ತೀನಿ. ಮೊದ್ಲು ನನ್ನ ನೋಡಿ. ಆಮೇಲೆ ದಿನಾ ಒಂದೊಂದು ಬೆಂಚು ಮುಂದಕ್ಕೆ ಕಣ್ಣು ತನ್ನಿ."

ಮಾರನೆಯ ದಿನ ಮಕ್ಕಳ ಬೆಂಚಿನಲ್ಲಿ ಮೊಣಕಾಲು ಮಡಿಸಲಾಗದೆ ಒದ್ದಾಡುತ್ತ ಕೂತಿದ್ದ ಪುಣ್ಯಾತ್ಮ. ಅವಳು ಆ ಮುಖವನ್ನೇ ನೋಡಿಕೊಂಡು ಪಾಠ ಮಾಡಿದಳು. ಆ ಮುಖ ಕಾಣದ ಭಾನುವಾರ ಯಾಕೋ ಏನೂ ಬೇಡವೆನಿಸಿತು.

ಕೊನೆಯ ದಿನ ಅವಳ ಕಣ್ಣು ಮೊದಲ ಬೆಂಚಿಗೆ ಬಂತು. ಅರ್ಧ ಖಾಲಿ. ಉಳಿದರ್ಧದಲ್ಲಿದ್ದ, ತೀರಿಕೊಂಡವಳ ಗೆಳತಿ ಕೈ ಎತ್ತಿದಳು.

"ಹೇಳು ಕಂದಾ."

"ಉತ್ತರ ಅಲ್ಲ ಮಿಸ್... ಅವಳು ಹೋದ್ಮೇಲೆ ನಿಮಗೆ ನಾವೂ ಬೇಡವಾದ್ವಿ ಅಂದ್ಕೊಂಡಿದ್ದೆ."

ಟೀಚರ್ ಆ ಖಾಲಿ ಜಾಗದಲ್ಲೇ ಕುಸಿದು ಕೂತು ಮಗುವನ್ನು ಅಪ್ಪಿಕೊಂಡಳು. ಆ ದಿನ ಲೆಕ್ಕ ಮುಂದುವರಿಯಲಿಲ್ಲ.

ಬೆಲ್ ಆಗಿ ಮಕ್ಕಳೆಲ್ಲ ಹೋದರೂ ಅವನು ಹಿಂದೆಯೇ ಇದ್ದ.

"ಹೆಡ್‌ಮೇಡಂಗೆ ಏನು ಹೇಳ್ತೀರಿ?"

"ಈ ಕ್ಲಾಸು ನಂದೇ ಅಂತ." ಕಣ್ಣೊರೆಸಿಕೊಂಡಳು. "ನಿಮ್ಮ ಕೆಲಸ ಮುಗೀತಲ್ವಾ? ನಾಳೆಯಿಂದ ಬೇರೆ ಶಾಲೆ..."

"ಹೌದು. ಆದ್ರೆ ಒಂದು ಮಾತು ಬಾಕಿ ಇದೆ."

"ಅದನ್ನೂ ಎಲ್ಲರ ಮುಂದೆ ಹೇಳ್ತೀರಾ?"

"ಇಲ್ಲ. ಈ ಸಲ ಮೊದ್ಲು ನಿಮ್ಮನ್ನ ಕೇಳ್ತೀನಿ."

ಅವಳು ಮುಖ ತಿರುಗಿಸಲಿಲ್ಲ.

"ಕೇಳಿ..."