ಬಾವಿ ಬದಿಯ ಅರಿಸಿನ

“ಯವ್ವಾ! ಈ ಗಡ್ಡಿ ಇದರಾಗ ಯಾರ ಹಾಕಿದ್ರು?”

ಕಡಾಯಿಯ ಮೇಲಿನ ಒದ್ದೆ ಗೋಣಿಯನ್ನು ಸರಿಸಿದ ಹೊಲಗೆಲಸದ ಕೃಷ್ಣವ್ವ ಕೂಗಿಕೊಂಡಳು. ಭಸಭಸ ಹಬೆ ಎದ್ದು ಬೇವಿನ ಮರದ ಕೆಳಗೆಲ್ಲ ಬೆಂದ ಅರಿಸಿನದ ವಾಸನೆ ತುಂಬಿತು.

“ನಾನ ಹಾಕೇನಿ!” ಎಂದು ಸಾಯಲಿ ಎದೆ ಉಬ್ಬಿಸಿ ಮುಂದೆ ಬಂದಳು. “ಒಲಿ ಹಚ್ಚೂಕಿಂತ ಮೊದಲ ನೀ ನೀರಿಗೆ ಹೋಗಿದ್ದೆಲ್ಲಾ, ಆವಾಗ. ಕಡಾಯಿ ಅರ್ಧ ಖಾಲಿ ಇತ್ತು. ಕೊಟ್ಟಿಗ್ಯಾಗ ಎಲಿ ಮುಚ್ಚಿ ದೊಡ್ಡ ದೊಡ್ಡ ಗಡ್ಡಿ ಸುಮ್ನ ಇಟ್ಟಿದ್ರು. ಎಲ್ಲಾ ತಂದು ಹಾಕಿ ಗೋಣಿ ಮುಚ್ಚಿದೆ.”

ಬುಟ್ಟಿ ಹೊತ್ತು ಹೊತ್ತು ಅವಳ ಕೈ ನೋಯುತ್ತಿತ್ತು. ಫ್ರಾಕು, ಮೊಣಕೈ, ಮೂಗಿನ ತುದಿ ಎಲ್ಲ ಹಳದಿ. ಈಗ ಯಾರಾದರೂ ಶಾಬ್ಬಾಸ್ ಅನ್ನಬೇಕಲ್ಲ? ಕೃಷ್ಣವ್ವ ಅನ್ನಲಿಲ್ಲ. ಮನೆ ಕಡೆ ತಿರುಗಿ, “ಸಖೂಬಾಯಾರ, ಲಗೂನ ಬರ್ರಿ!” ಎಂದು ಒದರಿದಳು.

ಸಾಯಲಿಯ ಅಜ್ಜಿ ಸಖೂಬಾಯಿ ಸೆರಗು ಸಿಕ್ಕಿಸುತ್ತ ಬಂದಳು. ಸಾಯಲಿಗೆ ಅವಳು ಆಯಿ. ಒಂದು ಗಡ್ಡೆ ಎತ್ತಿಕೊಂಡು ಕಸಬರಿಗೆಯ ಕಡ್ಡಿ ಚುಚ್ಚಿ ನೋಡಿದಳು. ಕಡ್ಡಿ ಸರಾಗ ಒಳಗೆ ಹೋಯಿತು.

“ಬೆಂದಾವು,” ಎಂದು ಆಯಿ ಅಲ್ಲೇ ಕಲ್ಲಿನ ಮೇಲೆ ಕುಳಿತುಬಿಟ್ಟಳು.

“ಹಂಗಾರ ಚಲೋ ಆತಲ್ಲ, ಆಯಿ?”

“ಅವು ಬೀಜದ ಗಡ್ಡಿ ಸಾಯಲಿ. ಬ್ಯಾಸಗಿ ಮುಗಿಯೂದರಾಗ ಹೊಲದಾಗ ಹಚ್ಚೂವು. ಬೆಂದ ಗಡ್ಡಿ ಮೊಳಕಿ ಒಡೀತೈತೇನು?”

ಸಾಯಲಿಯ ಎದೆ ಧಸಕ್ಕೆಂದಿತು. ಹಳದಿ ಕೈಗಳನ್ನು ಬೆನ್ನ ಹಿಂದೆ ಅಡಗಿಸಿಕೊಂಡಳು.

ಇಷ್ಟಕ್ಕೆಲ್ಲ ಸೋನಲಳ ಒಂದು ಮಾತು ಕಾರಣ. ಸೋನಲ ಸಾಂಗಲಿಯ ಶಾಲೆಯಲ್ಲಿ ಸಾಯಲಿಯ ಪಕ್ಕ ಕೂರುವವಳು. ಅವಳ ಪಪ್ಪಾ ಕುಪವಾಡದ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಹೊಸದಾಗಿ ಮಸಾಲೆ ಫ್ಯಾಕ್ಟರಿ ಹಾಕಿದ್ದರು. ಟಿವಿಯಲ್ಲಿ ಆಗ ದಿನಕ್ಕೊಂದು ಹೊಸ ಪ್ಯಾಕೆಟ್ಟಿನ ಜಾಹೀರಾತು ಬರುತ್ತಿತ್ತು. ಸೋನಲ ಮಿರಿಮಿರಿ ಮಿಂಚುವ ಅರಿಸಿನದ ಪ್ಯಾಕೆಟ್ಟೊಂದನ್ನು ತಂದು ಕ್ಲಾಸಿನವರಿಗೆಲ್ಲ ತೋರಿಸಿದಳು.

“ಹಳದಿ ಆಗೂದು ನಮ್ಮ ಫ್ಯಾಕ್ಟರಿಯಾಗ. ದಿಲ್ಲಿತನಕ ಹೋಗತೈತಿ,” ಅಂದಳು. ಸಾಂಗಲಿಯಲ್ಲಿ ಅರಿಸಿನಕ್ಕೆ ಹಳದಿ ಅಂತಲೇ ಅನ್ನುತ್ತಾರೆ.

“ನಾವೂ ಬೆಳೀತೀವಿ,” ಅಂದಳು ಸಾಯಲಿ.

“ಎಷ್ಟ ಎಕರೆ?”

ಎಕರೆ ಎಲ್ಲಿಂದ ತರುವುದು? ಹರಿಪುರದ ಅವರ ಹೊಲದಲ್ಲಿ ಅರಿಸಿನ ಇದ್ದದ್ದು ಬಾವಿ ಬದಿಯ ಒಂದು ತುಂಡಿನಲ್ಲಿ ಮಾತ್ರ. ಅದನ್ನು ಕೇಳಿ ಸೋನಲ ಕಿಸಕ್ಕನೆ ನಕ್ಕಳು. “ಅಷ್ಟ ಹಳದಿ ನಮ್ಮ ಮಷೀನು ಒಂದ ತುತ್ತಿಗೆ ತಿಂತೈತಿ!”

ಆ ನಗು ಸಾಯಲಿಗೆ ಮುಳ್ಳಿನಂತೆ ಚುಚ್ಚಿತು. ಈ ಸಲ ಪೇಟೆಯಲ್ಲಿ ನಮ್ಮ ರಾಶಿ ದೊಡ್ಡದಾಗಿ ಕಾಣಲೇಬೇಕು ಎಂದು ಹಟ ಹಿಡಿದಳು. ಅದಕ್ಕೇ ಕಣ್ಣಿಗೆ ಬಿದ್ದ ಗಡ್ಡೆಗಳೆಲ್ಲ ಕಡಾಯಿ ಸೇರಿದ್ದವು!

ಸಂಜೆ ಅಪ್ಪ ಜಯಕುಮಾರ ಮನೆಗೆ ಬಂದಾಗ ಸಾಯಲಿ ತಾನೇ ಹೋಗಿ ಎಲ್ಲ ಹೇಳಿದಳು. ಅಪ್ಪ ತಲೆಯ ಮೇಲೆ ಕೈ ಹೊತ್ತುಕೊಂಡ.

“ಹೋಗ್ಲಿ ಬಿಡು ಯವ್ವಾ. ಪ್ಯಾಟ್ಯಾಗ ಬ್ಯಾರೆ ಬೀಜ ತಂದ್ರಾತು,” ಎಂದ ಆಯಿಗೆ.

“ಬ್ಯಾರೆ ಬೀಜ ಬ್ಯಾರೇನ ಆಕ್ಕತಿ,” ಅಂದಳು ಆಯಿ. “ನಮ್ಮದನ್ನ ಮುರದ್ರ ಒಳಗ ಕೇಸರಿ ಬಣ್ಣ. ನಮ್ಮ ಅತ್ತಿ ಕೊಟ್ಟ ಬೀಜ ಅದು. ಹೊಳಿ ಬಂದು ಮನಿ ಮುಳುಗಿದಾಗ ಪಾತ್ರಿ ಭಾಂಡೆ ಬಿಟ್ಟ ಹೋದ್ನಿ, ಬೀಜ ತಲಿ ಮ್ಯಾಲ ಹೊತ್ತಕೊಂಡ ಹೋದ್ನಿ.”

ಆಯಿ ಬೈದಿದ್ದರೆ ಚೆನ್ನಾಗಿತ್ತು ಎನಿಸಿತು ಸಾಯಲಿಗೆ. ಹೊಳೆಗೂ ಸಿಗದ ಬೀಜವನ್ನು ಅವಳು ಒಂದೇ ಮಧ್ಯಾಹ್ನದಲ್ಲಿ ಬೇಯಿಸಿಬಿಟ್ಟಿದ್ದಳು. ಅವಳಿಗೆ ಊಟ ಸೇರಲಿಲ್ಲ.

ಬೆಳಗಾಗುತ್ತಲೇ ಆಯಿ ಅವಳನ್ನು ಎಬ್ಬಿಸಿದಳು. “ಏಳು, ಬೇಡಗಕ್ಕ ಹೋಗೂಣು. ಅಲ್ಲಿಯ ಗಿರಿಜಾಬಾಯಿ ನಮ್ಮ ಬೀಜ ಒಯ್ದಿದ್ಳು, ಭಾಳ ವರ್ಷ ಆತು. ಉಳಿಸ್ಯಾಳೋ ಇಲ್ಲೋ, ಯಾರಿಗೆ ಗೊತ್ತು.”

“ನೀನ ಕೇಳ್ತಿ ಅಲ್ಲ, ಆಯಿ?”

“ನಾ ಯಾಕ ಕೇಳ್ಲಿ? ಬೇಯಿಸಿದಾಕಿ ಕೇಳಬೇಕು.”

ಮಿರಜದ ಮೇಲೆ ಹಾದು ಎಸ್‌ಟಿ ಬಸ್ಸು ಬೇಡಗ ಮುಟ್ಟುವವರೆಗೆ ಸಾಯಲಿ ಮನಸ್ಸಿನಲ್ಲೇ ಮಾತು ಜೋಡಿಸಿದಳು. ಗಿರಿಜಾಬಾಯಿಯ ಅಂಗಳದಲ್ಲಿ ನಿಂತಾಗ ಜೋಡಿಸಿದ್ದೆಲ್ಲ ಮರೆತುಹೋಯಿತು.

“ಅಮ್ಮಾ, ನಾ ನಮ್ಮ ಬೀಜ ಬೇಯಿಸೇನ್ರಿ,” ಅಂದಳು. “ಎಲ್ಲಾ ಬೇಯಿಸೇನ್ರಿ. ನಿಮ್ಮ ಹಂತೇಕ ಇದ್ರ ಸ್ವಲ್ಪ ಕೊಡ್ರಿ.”

ಹಣ್ಣಾದ ಮುದುಕಿ ಗಿರಿಜಾಬಾಯಿ ಸಾಯಲಿಯ ಹಳದಿ ಕೈ ನೋಡಿದಳು. ಆಮೇಲೆ ಆಯಿಯ ಮುಖ ನೋಡಿದಳು. ಬೊಚ್ಚುಬಾಯಿ ಬಿಟ್ಟು ನಗತೊಡಗಿದಳು ನೋಡಿ, ಸೀರೆ ಸೆರಗಿನಿಂದ ಕಣ್ಣೊರೆಸಿಕೊಳ್ಳುವಷ್ಟು ನಗು!

“ಸಖೂಬಾಯಿ, ನಿನಗೂ ಬೀಜ ಕೇಳೂ ದಿವಸ ಬಂತಲ್ಲ! ಏ ದಿಲೀಪಾ, ಆ ಹರಿಪುರದ್ದ ಚೀಲ ತಾರೋ!”

ಅವಳ ಮಗ ದಿಲೀಪ ಹೆಗಲ ಮೇಲೆ ಚೀಲ ಹೊತ್ತು ತಂದು ಇಳಿಸಿದ. ಸಾಯಲಿಗೆ ಅಚ್ಚರಿಯಾಯಿತು.

“ಕಾಕಾ, ಹರಿಪುರದ್ದ ಅಂದ್ರ?”

“ನಿಮ್ಮದ ಅಲ್ಲೇನವಾ? ನಮ್ಮ ಊರಾಗ ಈ ಅರಿಷಿಣಕ್ಕ ಹರಿಪುರದ್ದ ಅಂತೀವಿ. ನಿಮ್ಮ ಆಯಿ ನಮ್ಮವ್ವಗ ಕೊಟ್ಳು, ನಮ್ಮವ್ವ ಬಾಜೂ ಹೊಲದ ಅಪ್ಪಣ್ಣಗ ಕೊಟ್ಳು. ಅಂವಾ ತನ್ನ ಬೀಗರಿಗೆ ಕೊಟ್ಟ. ಈಗ ಎಷ್ಟ ಊರಾಗ ಐತೋ, ಯಾರಿಗೆ ಗೊತ್ತು!”

“ಮಾರಲಿಲ್ಲೇನ್ರಿ?”

“ಬೀಜ ಯಾರರೆ ಮಾರ್ತಾರೇನ ಹುಚ್ಚಿ?” ಎಂದಳು ಗಿರಿಜಾಬಾಯಿ. “ಬೀಜ ಉಡಿಯಾಗ ಹಾಕಬೇಕು. ತಗೊಂಡಾಕಿ ಮತ್ತೊಬ್ರ ಉಡಿಯಾಗ ಹಾಕಬೇಕು. ಹೂಂ, ಒಡ್ಡು ಉಡಿ.”

ಸಾಯಲಿ ಫ್ರಾಕಿನ ಅಂಚು ಹಿಡಿದು ಉಡಿ ಒಡ್ಡಿದಳು. ಮುದುಕಿ ಆರಿಸಿ ಆರಿಸಿ ದಪ್ಪ ಗಡ್ಡೆಗಳನ್ನು ಅದರೊಳಗೆ ಇಟ್ಟಳು. ಉಳಿದದ್ದನ್ನು ದಿಲೀಪ ಚೀಲಸಮೇತ ಬಸ್ಸಿನ ಮೇಲೆ ಏರಿಸಿಕೊಟ್ಟ. ಬಸ್ಸಿನಲ್ಲಿ ಆಯಿ ಸಾಯಲಿಯ ಭುಜದ ಮೇಲೆ ತಲೆ ಇಟ್ಟು ನಿದ್ದೆ ಹೋದಳು. ಸಾಯಲಿ ಮಾತ್ರ ಮಿಸುಕಾಡದೆ ಉಡಿ ಹಿಡಿದುಕೊಂಡೇ ಕುಳಿತಿದ್ದಳು.

ಅರಿಸಿನ ಒಣಗಿ, ಪಾಲಿಶ್ ಆಗಿ ಸಾಂಗಲಿಯ ಮಾರ್ಕೆಟ್ ಯಾರ್ಡಿಗೆ ಹೋದ ದಿನ ಸಾಯಲಿಯೂ ಅಪ್ಪನ ಜೊತೆ ಹೋದಳು. ಅಬ್ಬಬ್ಬಾ, ಏನು ರಾಶಿಗಳು! ಆಚೆ ಲಾರಿಗಳು ಸಾಲಾಗಿ ನಿಂತಿದ್ದವು. ಒಂದು ಗುಜರಾತಿಗೆ, ಒಂದು ದಿಲ್ಲಿಗೆ. ಬೇಯಿಸಿದ ಬೀಜವೂ ಸೇರಿ ಇವರ ರಾಶಿ ಈ ಸಲ ತುಸು ದೊಡ್ಡದಾಗಿತ್ತು. ಆದರೂ ಆ ಸಾಲಿನಲ್ಲಿ ಅದು ಹುಡುಕಿದರೆ ಕಾಣುವಷ್ಟೇ.

ಒಬ್ಬ ವ್ಯಾಪಾರಿ ಅವರ ರಾಶಿಯಿಂದ ಒಂದು ಕೊಂಬು ಎತ್ತಿ ಲಟಕ್ಕನೆ ಮುರಿದ. ಒಳಗೆ ಕೇಸರಿ ಬಣ್ಣ. “ವಾಹ್!” ಎಂದ. ಮುಂದಿನ ರಾಶಿ ದಿಲೀಪ ಕಾಕಾನದು. ಲಟಕ್ಕನೆ ಮುರಿದ, ಕೇಸರಿ. ಅದರಾಚೆಯ ರಾಶಿ ಯಾರದೋ, ಸಾಯಲಿ ಅವರ ಮುಖವನ್ನೇ ನೋಡಿರಲಿಲ್ಲ. ಮತ್ತೆ ಲಟಕ್. ಅದೂ ಕೇಸರಿ!

ಸಾಯಲಿಗೆ ಮೈ ಜುಮ್ಮೆಂದಿತು. ಅಪ್ಪನ ಕೈ ಬಿಟ್ಟು ರಾಶಿಗಳ ನಡುವೆ ನಿಧಾನ ನಡೆದಳು. ಎಲ್ಲೆಲ್ಲಿ ಆ ಬಣ್ಣ ಕಂಡಿತೋ ಅಲ್ಲೆಲ್ಲ ನಿಂತಳು. ಬಾವಿ ಬದಿಯ ತುಂಡು ಹೊಲ ಇಷ್ಟುದ್ದ ಬೆಳೆದು ಬಂದಿದ್ದು ಅವಳಿಗೆ ಗೊತ್ತೇ ಇರಲಿಲ್ಲ. ಹೆಮ್ಮೆಯಿಂದ ಕಣ್ಣು ತುಂಬಿದವು.

ಜೂನಿನಲ್ಲಿ ಶಾಲೆ ಶುರುವಾಯಿತು. ಸೋನಲ ಮತ್ತೊಂದು ಹೊಸ ಪ್ಯಾಕೆಟ್ಟು ತಂದಿದ್ದಳು. ಸಾಯಲಿ ಅದನ್ನು ಮೂಗಿನ ಹತ್ತಿರ ಹಿಡಿದು ಕಣ್ಣು ಮುಚ್ಚಿ ಮೂಸಿದಳು. ತಮ್ಮ ಅರಿಸಿನ ಇದರೊಳಗೂ ಸೇರಿರಬಹುದಲ್ಲ ಎಂದು ತನ್ನಷ್ಟಕ್ಕೆ ನಕ್ಕಳು.

“ಯಾಕ ನಗ್ತಿ?” ಸೋನಲ ಹುಬ್ಬು ಗಂಟಿಕ್ಕಿದಳು.

ಸಾಯಲಿ ಚೀಲದಿಂದ ಒಂದು ಗಡ್ಡೆ ತೆಗೆದಳು. ಹೊಲಕ್ಕೆ ಹಚ್ಚಿ ಉಳಿದವುಗಳಲ್ಲೇ ಎಲ್ಲಕ್ಕಿಂತ ದಪ್ಪ ಗಡ್ಡೆ ಅದು. ಬದಿಗೆ ಹಸಿರು ಮೊಳಕೆ ಇಣುಕುತ್ತಿತ್ತು.

“ನಿನಗ ತಂದೇನಿ. ಒಂದು ಡಬ್ಬಿಯಾಗ ಮಣ್ಣ ಹಾಕಿ ಹಚ್ಚು.”

“ಇದ ಏನು? ಶುಂಠೀನ?”

ಎಂಥ ಮಾತು! ಮಸಾಲೆ ಫ್ಯಾಕ್ಟರಿಯ ಹುಡುಗಿ ಹಸಿ ಅರಿಸಿನವನ್ನೇ ನೋಡಿರಲಿಲ್ಲ. ಅಣಕಿಸಲು ಸಾಯಲಿಯ ನಾಲಿಗೆ ತುರಿಸಿತು. ಆದರೆ ಅಣಕಿಸಲಿಲ್ಲ.

“ಹಳದಿ,” ಅಂದಳು. “ಹರಿಪುರದ್ದು.”

ಸೋನಲ ಕೈ ಚಾಚಿದಳು.

“ಕೈಯಾಗ ಅಲ್ಲ, ಉಡಿ ಒಡ್ಡು. ಮುಂದ ನೀನೂ ಯಾರಿಗಾರ ಹಿಂಗ ಕೊಡಬೇಕು.”

ಸೋನಲ ಯುನಿಫಾರ್ಮಿನ ಸ್ಕರ್ಟು ಹಿಡಿದು ಉಡಿ ಒಡ್ಡಿದಳು. ಸಾಯಲಿ ಮೊಳಕೆ ಮುರಿಯದಂತೆ ಗಡ್ಡೆಯನ್ನು ಅದರೊಳಗೆ ಇಟ್ಟಳು.

“ಮತ್ತ ಕೇಳ, ಸೋನಲ,” ಎಂದಳು. “ಬೇಯಿಸಬ್ಯಾಡ!”