ಮುಸ್ಸಂಜೆಯಲ್ಲಿ ಕೊಟ್ಟ ಕೆಂಡ

ಬಹಳ ಬಹಳ ಹಿಂದೆ, ಬೆಟ್ಟಗಳೆಲ್ಲ ತಲೆಗೆ ಹಿಮದ ಪೇಟ ಸುತ್ತಿಕೊಂಡು ಕೂತಿದ್ದ ಒಂದು ಸೀಮೆಯಲ್ಲಿ ಮಂಜುಗಿರಿ ಎಂಬ ರಾಜ್ಯವಿತ್ತು. ಅದನ್ನು ಧವಳಸೇನ ಎಂಬ ಅರಸ ಆಳುತ್ತಿದ್ದ. ಕೆಟ್ಟವನಲ್ಲ, ಕೆಲಸವಿಲ್ಲದವನು. ಕೆಲಸವಿಲ್ಲದ ಅರಸನ ಕೈಯಲ್ಲಿ ರಾಜ್ಯ ಅಂದರೆ ಮಗುವಿನ ಕೈಯಲ್ಲಿ ಮೊಸರಿನ ಗಡಿಗೆ ಇದ್ದ ಹಾಗೆ.

ಆ ರಾಜ್ಯದಲ್ಲಿ ಹೊಳೆತಡಿ ಎಂಬ ಊರು. ಅಲ್ಲಿ ಬೊಮ್ಮಿ ಎಂಬುವಳು ತನ್ನ ಗಂಡ ಮಾರ, ಅತ್ತೆ ಗಂಗಮ್ಮ ಮತ್ತು ಇನ್ನೂ ಹಲ್ಲು ಬಾರದ ಮಗಳ ಜೊತೆ ವಾಸವಾಗಿದ್ದಳು. ಬೊಮ್ಮಿಯ ಕೈ ಚುರುಕು, ನಾಲಿಗೆ ಅದಕ್ಕಿಂತ ಚುರುಕು.

ಆ ಊರಿನಲ್ಲಿ ಎರಡು ಪದ್ಧತಿಗಳಿದ್ದವು. ಒಂದು ಬೂದಿಯದು. ಚಳಿಗಾಲ ಶುರುವಾದರೆ ಪ್ರತಿ ಮನೆಯವರೂ ಬೆಳಿಗ್ಗೆ ಒಲೆಯ ಬೂದಿಯನ್ನು ಮಂಕರಿಯಲ್ಲಿ ಹೊತ್ತು ಗುಡ್ಡ ಹತ್ತಿ ಹಿಮದ ಮೇಲೆ ಚೆಲ್ಲಿ ಬರಬೇಕು. ಬೂದಿ ಬಿದ್ದ ಕಡೆ ಬಿಸಿಲು ನಾಟುತ್ತಿತ್ತು, ಹಿಮ ಸ್ವಲ್ಪಸ್ವಲ್ಪವೇ ಕರಗುತ್ತಿತ್ತು, ನೆಲ ಅದನ್ನು ಗುಟುಕು ಗುಟುಕಾಗಿ ಕುಡಿಯುತ್ತಿತ್ತು. ಚಳಿಗೆ ನೆಲ ಕಣ್ಣು ಮುಚ್ಚಿದರೂ ಬಾಯಿ ಮುಚ್ಚುತ್ತಿರಲಿಲ್ಲ.

ಇನ್ನೊಂದು ಕೆಂಡದ ಪದ್ಧತಿ. ಸಂಜೆ ದೀಪ ಹಚ್ಚಿದ ಮೇಲೆ ಯಾರಿಗೂ ಕೆಂಡ ಕೊಡುವಂತಿಲ್ಲ. ಕೊಟ್ಟರೆ ಕೆಂಡದ ಹಿಂದೆಯೇ ಮನೆಯ ಲಕ್ಷ್ಮಿಯೂ ಹೊಸಿಲು ದಾಟುತ್ತಾಳಂತೆ. ಹಗಲಲ್ಲಿ ಬಂದು ಕೇಳಿದರೆ ಕೊಡುತ್ತಿದ್ದರು. ಸಂಜೆ ಬಂದರೆ ಕದ ಹಾಕುತ್ತಿದ್ದರು.

ಹೀಗಿರುವಾಗ ಒಂದು ದಿನ ಅರಸನ ಆಸ್ಥಾನಕ್ಕೆ ಒಬ್ಬ ಮಾಂತ್ರಿಕ ಬಂದ. ಅವನ ಹೆಸರು ಶೀತಾಂಗ. ಅವನು ಕಾಲಿಟ್ಟ ಕಡೆ ನೆಲ ಬಿಳಚಿಕೊಳ್ಳುತ್ತಿತ್ತು, ಉಸಿರು ಬಿಟ್ಟರೆ ದೀಪ ಆರುತ್ತಿತ್ತು.

"ಮಹಾರಾಜ, ನಿನ್ನ ಹೆಸರೇ ಧವಳಸೇನ. ನಿನ್ನ ಬೆಟ್ಟಗಳು ಮಾತ್ರ ಸಿಡುಬಿನ ಕಲೆ ಬಿದ್ದ ಮುಖದ ಹಾಗಿವೆ. ಈ ಬೂದಿ ನಿಲ್ಲಿಸು. ನಿನ್ನ ರಾಜ್ಯ ಹಾಲಿನಲ್ಲಿ ಮಿಂದ ಹಾಗೆ ಕಾಣುತ್ತದೆ" ಎಂದ.

ಅರಸನಿಗೆ ಅದು ಬಹಳ ದೊಡ್ಡ ಮಾತಾಗಿ ಕೇಳಿಸಿತು. ಮಾರನೆಯ ದಿನವೇ ಊರೂರಲ್ಲಿ ಡಂಗುರ ಹೊಡೆಸಿದ: ಹಿಮದ ಮೇಲೆ ಬೂದಿ ಚೆಲ್ಲಿದವರ ಕೈಗೆ ಬೇಡಿ. ನಿಜ ಹೇಳಬೇಕೆಂದರೆ ಜನರಿಗೂ ಒಳಗೊಳಗೇ ಖುಷಿಯಾಯಿತು. ಕೊರೆಯುವ ಚಳಿಯಲ್ಲಿ ಗುಡ್ಡ ಹತ್ತುವ ಕೆಲಸ ತಪ್ಪಿತಲ್ಲ. ಬೂದಿಯನ್ನು ಹೊಳೆಗೆ ಸುರಿದು ಕಂಬಳಿ ಹೊದ್ದು ಮಲಗಿದರು. ಬೊಮ್ಮಿ ಮಾತ್ರ ಒಂದು ಗಡಿಗೆ ತುಂಬ ಬೂದಿ ಇಟ್ಟುಕೊಂಡಳು.

"ಪಾತ್ರೆ ಬೆಳಗೋದಕ್ಕೂ ಅರಸನ ಅಪ್ಪಣೆ ಬೇಕೇನು?" ಎಂದಳು.

ಆ ವರ್ಷ ಬೆಟ್ಟ ನಿಜಕ್ಕೂ ಬೆಳ್ಳಗಾಯಿತು. ಅದನ್ನು ಹತ್ತಿರದಿಂದ ನೋಡುತ್ತೇನೆಂದು ಶೀತಾಂಗನ ಜೊತೆ ಗುಡ್ಡ ಹತ್ತಿದ ಅರಸ ತಿರುಗಿ ಬರಲೇ ಇಲ್ಲ. ಹಿಮ ಕರಗದೆ ಆಳೆತ್ತರ ಬೆಳೆಯಿತು. ಅದರಡಿಯಲ್ಲಿ ನೆಲ ಹೆಪ್ಪುಗಟ್ಟಿ ಕಲ್ಲಾಯಿತು. ಅಷ್ಟಾದ ಮೇಲೆ ವಸಂತ ಬಂತು. ಬಿಸಿಲಿನ ಜೊತೆ ಮಳೆಯೂ ಬಂತು. ಒಂದು ಚಳಿಗಾಲದ ಹಿಮವೆಲ್ಲ ಒಟ್ಟಿಗೇ ಕರಗಿ ಕೆಳಗೆ ಹರಿಯಿತು. ಮೇಲಿಂದ ಮಳೆ, ಬೆಟ್ಟದಿಂದ ಹಿಮದ ನೀರು, ಕೆಳಗೆ ಒಂದು ಹನಿಯನ್ನೂ ಕುಡಿಯದ ನೆಲ. ನೀರು ಎಲ್ಲಿಗೆ ಹೋಗಬೇಕು? ಊರಿಗೇ ಬಂತು.

ಗಂಡಸರು ಕಾಲುವೆ ತೋಡಲು ಹೋದರು. ಪಿಕಾಸಿ ಬಿದ್ದರೆ ನೆಲ ಗಂಟೆಯ ಹಾಗೆ ಠಣ್ ಎಂದಿತು, ಒಂದು ಹಿಡಿ ಮಣ್ಣೂ ಏಳಲಿಲ್ಲ. ಎಲ್ಲರೂ ಮನೆಯ ಅಟ್ಟ ಸೇರಿದರು. ಊರಿನ ಒಲೆಗಳೆಲ್ಲ ಮುಳುಗಿದವು. ಬೊಮ್ಮಿಯ ಕೆಂಡ ಮಾತ್ರ ಉಳಿದಿತ್ತು. ಅದನ್ನು ಬೂದಿ ಮುಚ್ಚಿ, ಗಡಿಗೆಯಲ್ಲಿಟ್ಟು, ಅಟ್ಟದ ನೆಲುವಿಗೆ ತೂಗುಹಾಕಿದ್ದಳು.

ಅಟ್ಟದ ಮೇಲೆ ಗಂಗಮ್ಮ ಹೇಳಿದಳು. "ಬೆಟ್ಟದ ತುದೀಲಿ ನೆಲದ ಬಾಯಿ ಅಂತ ಒಂದಿದೆಯಂತೆ ಕಣೆ. ನಮ್ಮತ್ತೆ ಹೇಳ್ತಿದ್ರು. ಆ ಮಾಂತ್ರಿಕ ಅದಕ್ಕೆ ಮುಚ್ಚಳ ಹಾಕಿರಬೇಕು. ಅಲ್ಲಿಗೆ ಒಂದಿಷ್ಟು ಬಿಸಿ ತಾಗಿದ್ರೆ ನೆಲ ಏಳ್ತದೆ, ನೀರು ಕುಡೀತದೆ."

"ನಾನು ಹೋಗ್ತೀನಿ" ಎಂದ ಮಾರ.

"ನಿಮಗೆ ಕೆಂಡ ಕಾಯೋಕೆ ಬರಲ್ಲ" ಎಂದಳು ಬೊಮ್ಮಿ. "ಮಗು ಹುಟ್ಟಿದಾಗ ಒಲೆ ನೋಡ್ಕೊಳ್ಳಿ ಅಂದ್ರೆ ಊದಿ ಊದಿ ಉರಿಸಿ ಮುಗಿಸಿದ್ರಿ. ಊರಿಗೆಲ್ಲ ಉಳಿದಿರೋದು ಇದೊಂದೇ. ನಾನೇ ಹೋಗ್ತೀನಿ. ನೀವು ಏಣಿ ನೋಡ್ಕೊಳ್ಳಿ. ನೀರು ಕೊನೇ ಮೆಟ್ಟಿಲಿಗೆ ಬಂದ್ರೆ ಇವರಿಬ್ಬರನ್ನೂ ಸೂರಿನ ಮೇಲೆ ಹತ್ತಿಸಿ."

"ಸೂರಿನ ಮೇಲಕ್ಕೂ ಬಂದ್ರೆ?"

"ಅಷ್ಟರೊಳಗೆ ನಾನು ಮುಟ್ಟಬೇಕು."

ಮಗಳಿಗೆ ಹೊಟ್ಟೆ ತುಂಬ ಹಾಲು ಕುಡಿಸಿದಳು. ಗಂಗಮ್ಮ ಮಗುವನ್ನು ಈಸಿಕೊಂಡು, "ಆಡಿನ ಹಾಲು ಕುಡಿಸಿರ್ತೀನಿ, ಹೋಗು. ದಾರೀಲಿ ಯಾರ ಜೊತೆನೂ ಜಗಳ ತೆಗೀಬೇಡ" ಎಂದಳು.

"ಅವರು ತೆಗೆದ್ರೆ?"

"ಗೆದ್ದು ಬಾ."

ಬೊಮ್ಮಿ ಸೂರಿನಿಂದ ಸೂರಿಗೆ ದಾಟಿ, ಗುಡ್ಡದ ಬುಡ ಸೇರಿ, ಗಡಿಗೆ ಹೊತ್ತು ನಡೆದಳು. ಮೊದಲು ಸಿಕ್ಕಿದ್ದು ಗಾಜಿನಂತೆ ಹೊಳೆಯುವ ಇಳಿಜಾರು. ಕಾಲಿಟ್ಟರೆ ಜಾರಿ ಪ್ರಪಾತಕ್ಕೆ. ಬದಿಯಲ್ಲಿ ಮಾತನಾಡುವ ಬಿಳಿ ತೋಳವೊಂದು ಕೂತಿತ್ತು.

"ಎಲ್ಲಿಗೆ ಹೊರಟೆ, ಹೆಣ್ಣೇ?"

"ನೆಲದ ಬಾಯಿಗೆ."

"ಏನು ತಂದೆ?"

"ಬೂದಿ ತಂದೆ. ಬೂದಿಯೊಳಗೆ ಬೆಂಕಿ ತಂದೆ."

"ಜಾರಿದವರು ನನ್ನ ಪಾಲು. ಅದು ಇಲ್ಲಿಯ ಕಟ್ಟಳೆ" ಎಂದು ತೋಳ ಬಾಯಿ ಚಪ್ಪರಿಸಿತು.

"ಕೂತಿರು ಹಾಗಾದ್ರೆ" ಎಂದಳು ಬೊಮ್ಮಿ. ಗಡಿಗೆಯಿಂದ ಬೂದಿ ತೆಗೆದು ಮುಂದಕ್ಕೆ ಒಂದೊಂದು ಹಿಡಿ ಚೆಲ್ಲಿದಳು, ಅದರ ಮೇಲೆ ಒಂದೊಂದು ಹೆಜ್ಜೆ ಇಟ್ಟಳು. ಬೂದಿ ಕಾಲನ್ನು ಹಿಡಿದುಕೊಂಡಿತು. ಇಳಿಜಾರು ದಾಟಿ ಹಿಂದಿರುಗಿ ನೋಡಿದರೆ ತೋಳ ಬಂದು ಬೂದಿಯ ಮೇಲೆ ಸುರುಳಿ ಸುತ್ತಿ ಮಲಗಿತ್ತು.

"ಬೆಚ್ಚಗಿದೆ. ಆ ಮಾಂತ್ರಿಕ ನನ್ನನ್ನ ಇಲ್ಲಿ ಕೂರಿಸಿದ ಮೇಲೆ ಒಂದು ದಿನವೂ ಬೆಚ್ಚಗೆ ಮಲಗಿಲ್ಲ" ಎಂದಿತು ನಾಚಿಕೊಂಡು. ಬೊಮ್ಮಿಗೆ ಪಾಪ ಎನ್ನಿಸಿತು. ಇನ್ನೊಂದು ಹಿಡಿ ಅದರ ಬಾಲದ ಹತ್ತಿರ ಎಸೆದು ಮುಂದೆ ನಡೆದಳು.

ಎರಡನೆಯದಾಗಿ ಸಿಕ್ಕಿದ್ದು ಮಂಜುಗಡ್ಡೆಯ ಬಾಗಿಲು. ಬಾಗಿಲಲ್ಲ, ಕನ್ನಡಿ. ಅದರ ಮುಂದೆ ಒಂದು ಮುದಿ ಕರಡಿ ಕೂತಿತ್ತು. ಕರಡಿಯ ಪಕ್ಕದಲ್ಲಿ ಅರಸ ಧವಳಸೇನ ಮೀಸೆಯ ಮೇಲೆ ಕೈಯಿಟ್ಟು, ಕನ್ನಡಿಯಲ್ಲಿ ತನ್ನನ್ನೇ ನೋಡಿಕೊಳ್ಳುತ್ತ, ಕಲ್ಲಿನ ಹಾಗೆ ಹೆಪ್ಪುಗಟ್ಟಿ ನಿಂತಿದ್ದ. ಮುಖದಲ್ಲಿ ಬಹಳ ಸಂತೋಷವಿತ್ತು.

"ಎಲ್ಲಿಗೆ ಹೊರಟೆ, ಹೆಣ್ಣೇ?"

"ನೆಲದ ಬಾಯಿಗೆ."

"ಏನು ತಂದೆ?"

"ಬೂದಿ ತಂದೆ. ಬೂದಿಯೊಳಗೆ ಬೆಂಕಿ ತಂದೆ."

"ಈ ಬಾಗಿಲು ನೀನು ನೋಡಬಯಸಿದ್ದನ್ನು ತೋರಿಸುತ್ತದೆ. ನೋಡಿ ಮರುಳಾದವರು ಹೆಪ್ಪುಗಟ್ಟುತ್ತಾರೆ. ಮರುಳಾಗದವರಿಗೆ ತೆರೆಯುತ್ತದೆ. ಈವರೆಗೆ ಯಾರಿಗೂ ತೆರೆದಿಲ್ಲ" ಎಂದಿತು ಕರಡಿ.

"ನಾನು ಕನ್ನಡಿ ನೋಡಿ ಯಾವ ಕಾಲ ಆಯ್ತೋ. ಎಳೇ ಕೂಸಿನ ತಾಯಿಗೆ ತಲೆ ಬಾಚೋಕೆ ಪುರುಸೊತ್ತಿಲ್ಲ" ಎನ್ನುತ್ತ ಬೊಮ್ಮಿ ಮುಂದೆ ಬಂದಳು.

ಕನ್ನಡಿಯಲ್ಲಿ ಅವಳ ಮುಖ ಕಾಣಿಸಲಿಲ್ಲ. ಅವಳ ಮನೆ ಕಾಣಿಸಿತು. ನೀರಿಲ್ಲ, ಅಂಗಳ ಒಣಗಿದೆ. ಮಗಳು ಚಾಪೆಯ ಮೇಲೆ ಕೂತು ಅಳುತ್ತಿದ್ದಾಳೆ, ಎರಡೂ ಕೈ ಚಾಚಿ ಕರೆಯುತ್ತಿದ್ದಾಳೆ. ಬೊಮ್ಮಿಯ ಕಾಲು ತಾನಾಗಿ ಮುಂದಕ್ಕೆ ಹೋಯಿತು. ಬೆರಳ ತುದಿ ತಣ್ಣಗಾಗತೊಡಗಿತು, ಮೊಣಕೈವರೆಗೆ ಚಳಿ ಏರಿತು.

ಆಗ ಅವಳಿಗೆ ಒಂದು ವಿಷಯ ಹೊಳೆಯಿತು. ಮಗಳು ಅತ್ತರೆ ಎದೆಗೆ ಹಾಲು ಇಳಿಯುತ್ತದೆ. ಪಕ್ಕದ ಮನೆಯ ಮಗು ಅತ್ತರೂ ಇಳಿದು ರವಿಕೆ ಒದ್ದೆಯಾಗುತ್ತದೆ. ಈ ಮಗು ಇಷ್ಟು ಅಳುತ್ತಿದೆ, ಎದೆ ಸುಮ್ಮನಿದೆ.

"ನೀನು ನನ್ನ ಮಗಳಲ್ಲ" ಎಂದಳು. ಕಣ್ಣಿಗೆ ಗೊತ್ತಾಗದಿದ್ದದ್ದು ಎದೆಗೆ ಗೊತ್ತಾಗಿತ್ತು. ಉಳಿದ ಬೂದಿಯನ್ನು ಹಿಮದ ನೀರಲ್ಲಿ ಕಲಸಿ, ಪಾತ್ರೆಗೆ ಬಳಿಯುವ ಹಾಗೆ ಕನ್ನಡಿಗೆಲ್ಲ ಬಳಿದಳು. ಮಗುವಿನ ಅಳು ನಿಂತಿತು. ಬಾಗಿಲು ತೆರೆಯಿತು.

ಅರಸ ಕಣ್ಣು ಪಿಳುಕಿಸಿದ. "ಯಾರದು, ಕನ್ನಡಿ ಹೊಲಸು ಮಾಡಿದವರು? ನಾನು ಯಾರು ಗೊತ್ತೇ?"

"ಗೊತ್ತು ಮಹಾಸ್ವಾಮಿ. ಕೆಳಗೆ ತಮ್ಮ ರಾಜ್ಯ ನೀರಲ್ಲಿ ತೇಲ್ತಾ ಇದೆ. ಪುರುಸೊತ್ತಾದಾಗ ಒಂದ್ಸಲ ನೋಡಿ" ಎಂದು ಬೊಮ್ಮಿ ಒಳಗೆ ಹೋದಳು. ಕರಡಿ ಬಾಯಿಗೆ ಪಂಜ ಅಡ್ಡ ಹಿಡಿದು ನಕ್ಕಿತು.

ಬೆಟ್ಟದ ತುದಿ ಮುಟ್ಟುವ ಹೊತ್ತಿಗೆ ಮುಸ್ಸಂಜೆ. ಅಲ್ಲಿ ಬಾವಿಯಷ್ಟು ಅಗಲದ ಮಂಜುಗಡ್ಡೆಯ ಮುಚ್ಚಳ, ಅದರ ಮೇಲೆ ಶೀತಾಂಗ ಕಾಲು ಮಡಚಿ ಕೂತಿದ್ದ. ಕೆಳಗೆ ಕಣಿವೆಯಲ್ಲಿ ಹೊಳೆತಡಿ ಕಾಣಿಸುತ್ತಿತ್ತು. ಸೂರುಗಳ ತುದಿ ಮಾತ್ರ ನೀರಿನ ಮೇಲಿದ್ದವು. ಅವುಗಳ ಮೇಲೆ ಇರುವೆಯಷ್ಟು ಚಿಕ್ಕದಾಗಿ ಜನ.

"ಎಲ್ಲಿಗೆ ಹೊರಟೆ, ಹೆಣ್ಣೇ?"

"ಇಲ್ಲಿಗೇ."

"ಏನು ತಂದೆ?"

"ಬೂದಿ ಮುಗೀತು. ಬೆಂಕಿ ಮಾತ್ರ ಇದೆ."

ಗಡಿಗೆಯ ತಳದಲ್ಲಿ ಒಂದೇ ಒಂದು ಕೆಂಡ, ಹುಣಸೆಬೀಜದಷ್ಟು ಚಿಕ್ಕದು, ಮುಚ್ಚಲು ಬೂದಿಯಿಲ್ಲದೆ ಗಾಳಿಗೆ ಕಣ್ಣು ಕಿರಿದು ಮಾಡುತ್ತಿತ್ತು.

ಶೀತಾಂಗ ಅದನ್ನೇ ನೋಡಿದ. "ಈಗ ಏನು ಹೊತ್ತು?"

"ದೀಪ ಹಚ್ಚೋ ಹೊತ್ತು."

"ಇಂಥದೇ ಹೊತ್ತಲ್ಲಿ, ಇಂಥದೇ ಚಳಿಯಲ್ಲಿ, ಒಬ್ಬ ಹೆಂಗಸು ನಿಮ್ಮ ಊರಿಗೆ ಬಂದಳು. ಕಂಕುಳಲ್ಲಿ ಒಂದು ಮಗು. ಪರಸ್ಥಳದವಳು. ಒಂದು ಕೆಂಡ ಕೊಡಿ, ಮಗುವಿಗೆ ಚಳಿ ಎಂದು ಮನೆಮನೆಗೆ ಹೋಗಿ ಕೇಳಿದಳು. ದೀಪ ಹಚ್ಚಿ ಆಯ್ತು, ನಾಳೆ ಬಾ ಅಂದರು. ಪ್ರತಿ ಮನೆಯವರೂ ಅದನ್ನೇ ಅಂದರು. ತನ್ನ ಸೀರೆಯನ್ನೆಲ್ಲ ಮಗುವಿಗೆ ಸುತ್ತಿದಳು. ಬೆಳಗಾದಾಗ ಮಗು ಬದುಕಿತ್ತು. ಅವಳು ಬದುಕಿರಲಿಲ್ಲ. ಅಂದಿನಿಂದ ಆ ಮಗುವಿನ ಮೈ ಬೆಚ್ಚಗಾಗಲೇ ಇಲ್ಲ." ಅವನು ಕೈ ಚಾಚಿದ. ಅಂಗೈ ಮಂಜುಗಡ್ಡೆಯಂತೆ ಪಾರದರ್ಶಕವಾಗಿತ್ತು. "ನನಗೆ ಆ ಕೆಂಡ ಕೊಡು. ನಿನ್ನಿಂದ ಕಸಿದುಕೊಳ್ಳಬಲ್ಲೆ. ಆದರೆ ಕೇಳುತ್ತಿದ್ದೇನೆ. ನೀನೂ ನಾಳೆ ಬಾ ಅನ್ನು, ಕೇಳಿಸಿಕೊಂಡು ನಗುತ್ತೇನೆ."

ಬೊಮ್ಮಿ ಕೆಳಗೆ ನೋಡಿದಳು. ಈ ಕೆಂಡವನ್ನು ಮುಚ್ಚಳದ ಮೇಲಿಟ್ಟರೆ ನೆಲ ಏಳಬಹುದು. ಇವನ ಕೈಗಿಟ್ಟರೆ ಅಲ್ಲಿಗೆ ಮುಗಿಯಿತು. ಆ ಇರುವೆಗಳಲ್ಲಿ ಯಾವುದೋ ಒಂದು ಅವಳ ಮಗಳನ್ನು ಎತ್ತಿ ಹಿಡಿದಿತ್ತು. ಮತ್ತೆ ಇವನನ್ನು ನೋಡಿದಳು. ಸೀರೆ ಸುತ್ತಿಕೊಂಡು ಬದುಕಿ ಉಳಿದ ಮಗು ಇದೇ. ಅದಕ್ಕೂ ಇನ್ನೂ ಚಳಿ ಬಿಟ್ಟಿಲ್ಲ.

"ನಿಮ್ಮವ್ವ ನಿನ್ನನ್ನ ಏನಂತ ಕರೀತಿದ್ಲು?" ಎಂದು ಕೇಳಿದಳು.

ಅವನು ತಡವರಿಸಿದ. "ಕೂಸಣ್ಣ."

"ಕೂಸಣ್ಣ, ಕೈ ಹಿಡಿ. ನಮ್ಮೂರಲ್ಲಿ ಈ ಹೊತ್ತಲ್ಲಿ ಕೆಂಡ ಕೊಟ್ರೆ ಲಕ್ಷ್ಮಿ ಹೋಗ್ತಾಳೆ ಅಂತಾರೆ. ಚಳೀಲಿರೋ ತಾಯೀನ ಬಾಗಿಲಿಂದ ಕಳಿಸಿದ ದಿನವೇ ಅವಳು ಹೋಗಿರಬೇಕು. ನಿನಗೂ ಒಂದು ಮಾತು. ಅವತ್ತು ಕದ ಹಾಕಿದವರು ಬೇರೆ, ಇವತ್ತು ಸೂರಿನ ಮೇಲೆ ಅಳ್ತಿರೋ ಕೂಸು ಬೇರೆ. ನಿಮ್ಮವ್ವ ಇದನ್ನ ನೋಡಿದ್ರೆ ನಿನ್ನ ಕಿವಿ ಹಿಂಡ್ತಿದ್ಲು."

ಹೀಗೆಂದು ಸೆರಗಿನಿಂದ ಗಾಳಿ ಮರೆ ಮಾಡಿ, ಊರಿಗೆಲ್ಲ ಉಳಿದಿದ್ದ ಒಂದೇ ಕೆಂಡವನ್ನು ಅವನ ಅಂಗೈಗೆ ಇಟ್ಟಳು.

ಕೆಂಡ ಆರಲಿಲ್ಲ. ಅವನ ಅಂಗೈ ಕೆಂಪಾಯಿತು. ಕೆಂಪು ತೋಳಿಗೆ ಏರಿತು, ಎದೆಗೆ ಏರಿತು. ಅವನು ಅವ್ವನ ಸೀರೆಯಲ್ಲಿ ಸುತ್ತಿಕೊಂಡಿದ್ದ ದಿನ ಅಳಬೇಕಿದ್ದ ಅಳುವನ್ನೆಲ್ಲ ಈಗ ಅತ್ತ. ಆ ಕಣ್ಣೀರು ಬಿಸಿಯಾಗಿತ್ತು. ಮುಚ್ಚಳದ ಮೇಲೆ ಬಿದ್ದಲ್ಲೆಲ್ಲ ತೂತಾಯಿತು. ತೂತು ಬಿರುಕಾಯಿತು. ಬಿರುಕು ಒಡೆದು, ಮುಚ್ಚಳ ಚೂರುಚೂರಾಗಿ ಒಳಗೆ ಬಿತ್ತು.

ನೆಲ ಬಾಯಿ ತೆರೆಯಿತು. ಬಾಯಾರಿದ ಎಮ್ಮೆ ನೀರಿನ ಬಾನಿಗೆ ಮೂತಿಯಿಟ್ಟ ಹಾಗೆ ಗಟಗಟ ಕುಡಿಯಿತು. ಹೊಲಗಳು ಕುಡಿದವು, ದಾರಿಗಳು ಕುಡಿದವು. ಕಣಿವೆಯಲ್ಲಿ ಮೊದಲು ಸೂರು ಕಾಣಿಸಿತು, ಆಮೇಲೆ ಗೋಡೆ, ಆಮೇಲೆ ಹೊಸಿಲು.

ಅಷ್ಟು ದೂರದಲ್ಲಿ ಮಗು ಅತ್ತರೆ ಕೇಳಿಸುವುದಿಲ್ಲ. ಆದರೆ ಬೊಮ್ಮಿಯ ಎದೆಗೆ ಹಾಲು ಇಳಿಯಿತು, ರವಿಕೆ ಒದ್ದೆಯಾಯಿತು.

"ನನ್ನ ಮಗಳಿಗೆ ಹಸಿವಾಗಿದೆ. ಇದು ನಿಜವಾದ ಅಳು. ನಡಿ ಕೂಸಣ್ಣ, ಹೋಗೋಣ" ಎಂದಳು. ಅವನ ಕೈಲಿ ಕೆಂಡ ಹಾಗೇ ಇತ್ತು.

ದಾರಿಯಲ್ಲಿ ಕರಡಿ ಜೊತೆಯಾಯಿತು, ತೋಳ ಜೊತೆಯಾಯಿತು. ಅರಸ ಆಗಲೇ ಕೆಳಗಿಳಿದು, ಮೊಣಕಾಲುದ್ದ ಕೆಸರಿನಲ್ಲಿ ನಿಂತು ಒಂದು ಮುದುಕಿಯ ಕೋಳಿ ಹುಡುಕಿಕೊಡುತ್ತಿದ್ದ.

ಮನೆ ಬಾಗಿಲಲ್ಲಿ ಗಂಗಮ್ಮ ಮಗುವನ್ನು ಕೊಟ್ಟು, "ಆಡಿನ ಹಾಲು ಉಗಿದುಬಿಟ್ಲು, ನಿನ್ನ ಹಾಗೇ ಹಠ" ಎಂದಳು. ಆಮೇಲೆ ಕೂಸಣ್ಣನನ್ನು ನೋಡಿದಳು. "ಇವನ್ಯಾರೆ?"

"ಕೆಂಡ ಕೇಳೋಕೆ ಬಂದಿದ್ದವರ ಮಗ, ಅತ್ತೆ. ಬಹಳ ಹಿಂದೆ ಬಂದಿದ್ರು."

ಗಂಗಮ್ಮ ಕೈಯಲ್ಲಿದ್ದ ಕಂಬಳಿ ಅವನ ಹೆಗಲಿಗೆ ಹೊದಿಸಿ, "ಒಳಗೆ ಬಾಪ್ಪ. ಒಲೆ ಹತ್ತಿಸಬೇಕು" ಎಂದಳು. ಅವನ ಕೈಯ ಕೆಂಡದಿಂದಲೇ ಆ ರಾತ್ರಿ ಊರಿನ ಒಲೆಗಳೆಲ್ಲ ಹತ್ತಿಕೊಂಡವು, ಒಂದರಿಂದ ಒಂದಕ್ಕೆ, ದೀಪ ಹಚ್ಚಿದ ಮೇಲೆಯೇ.

ಮುಂದಿನ ಚಳಿಗಾಲದಿಂದ ಬೂದಿ ಮತ್ತೆ ಗುಡ್ಡ ಹತ್ತಿತು. ಮೊದಲ ಮಂಕರಿ ಅರಸನದು. ಸಂಜೆಯಾದರೆ ಪ್ರತಿ ಮನೆಯ ಹೊರಗೂ ಕೆಂಡದ ಗಡಿಗೆಯೊಂದು ತೂಗುತ್ತಿತ್ತು, ಬೇಕಾದವರು ಕೇಳದೆಯೇ ಒಯ್ಯಲೆಂದು. ಕೂಸಣ್ಣ ಊರಿನ ಕೆಂಡ ಕಾಯುವವನಾದ. ಮಾರ ಅವನಿಂದ ಬೂದಿ ಮುಚ್ಚುವುದನ್ನು ಕಲಿತ, ಪೂರ್ತಿ ಅಲ್ಲ.

ಲಕ್ಷ್ಮಿ ಎಲ್ಲಿಗೂ ಹೋಗಲಿಲ್ಲ. ಮಂಜುಗಿರಿಯವರು ಬೆಚ್ಚಗೆ ಬಾಳಿದರು. ಈ ಕತೆ ಕೇಳಿದವರ ಮನೆಯ ಒಲೆಯೂ ಆರದಿರಲಿ.